ಮಾಶಿ ದಾಬಾ

ಅಲೆಕ್ಸಾಂಡ್ರಿಯಾ
4 ಏಪ್ರಿಲ್ 2026

ಪ್ರೀತಿಯ ಮಾಹಿತಾಬ್ ಅಬ್ಲಾ,

ಫೋನಿನಲ್ಲಿ ನಾವಿಬ್ಬರೂ ಸುಳ್ಳು ಹೇಳುತ್ತೇವೆ. ‘ಹೇಗಿದೀಯ?’ ‘ಚೆನ್ನಾಗಿದೀನಿ, ನೀನು?’ ‘ನಾನೂ ಚೆನ್ನಾಗಿದೀನಿ.’ ಅಷ್ಟಕ್ಕೆ ಮುಗಿಯಿತು. ಅದಕ್ಕೇ ಅಲ್ಲವೇ ನೀನು ಕಾಗದ ಬರೆಯೋಣ ಎಂದದ್ದು? ಕಂಪ್ಯೂಟರಿನಲ್ಲಿ ಹೋದರೂ ಕಾಗದ ಕಾಗದವೇ, ಅದರಲ್ಲಿ ನಿಜ ಬರೆಯಬೇಕು ಎಂದು ಅಕ್ಕನ ಗತ್ತಿನಲ್ಲಿ ಅಪ್ಪಣೆ ಬೇರೆ ಮಾಡಿದೆ. ಸರಿ, ನಿಜ ಬರೆಯುತ್ತೇನೆ. ಈಚೆಗೆ ನನಗೆ ನನ್ನ ಕೆಲಸ ಕಂಡರೆ ಹೆದರಿಕೆ.

ನಿನ್ನ ಅತ್ತೆ ಕೇಳಿದಾಗ ‘ನನ್ನ ತಂಗಿ ಟೈಪಿಸ್ಟು’ ಎಂದು ಹೇಳಿ ಕೈತೊಳೆದುಕೊಂಡೆಯಂತೆ. ಇರಲಿ. ನಾನು ಮಾಡುವುದು ಇಷ್ಟು: ಕಾಲುವೆಯ ತೂಬುಗಳನ್ನು ಎತ್ತಲು, ಇಳಿಸಲು, ನೀರಿನ ಮಟ್ಟ ನೋಡಲು ನಮ್ಮ ಕಂಪನಿಯ ತಂತ್ರಾಂಶವಿದೆ. ಮೊದಲು ಅದನ್ನು ಕಚೇರಿಯಲ್ಲಿ ಕೂತ ಮನುಷ್ಯರು ನಡೆಸುತ್ತಿದ್ದರು. ಈಗ ಏಜೆಂಟ್ ನಡೆಸುತ್ತದೆ. ಅದು ಮಾತನ್ನು ಓದುತ್ತದೆ, ಮಾತಿನಲ್ಲೇ ಉತ್ತರ ಕೊಡುತ್ತದೆ, ತಾನೇ ಯೋಚಿಸಿ ಕೆಲಸ ಮುಗಿಸುತ್ತದೆ. ಅದಕ್ಕೆ ಕೈಪಿಡಿ ಬರೆಯುವವಳು ನಾನು. ಈ ಉಪಕರಣ ಏನು ಮಾಡುತ್ತದೆ, ಯಾವಾಗ ಬಳಸಬೇಕು, ಯಾವಾಗ ಮುಟ್ಟಕೂಡದು, ಎಂಥ ಉತ್ತರ ಬಂದರೆ ಏನರ್ಥ, ಇಂಥವು.

ಮನುಷ್ಯರಿಗೆ ಕೈಪಿಡಿ ಬರೆದರೆ ಯಾರೂ ಓದುವುದಿಲ್ಲ, ಪಕ್ಕದವನನ್ನು ಕೇಳಿಕೊಳ್ಳುತ್ತಾರೆ. ಇದು ಹಾಗಲ್ಲ. ಒಂದಕ್ಷರ ಬಿಡದೆ ಓದುತ್ತದೆ, ಓದಿದ್ದನ್ನೆಲ್ಲ ನಂಬುತ್ತದೆ. ‘ಇದ್ಯಾಕೋ ಸರಿ ಕಾಣ್ತಿಲ್ಲ’ ಎಂದು ತಲೆ ಕೆರೆದುಕೊಂಡು ನಿಲ್ಲುವ ಜನ್ಮವಲ್ಲ ಅದು.

ಹೋದ ತಿಂಗಳು ಇಲ್ಲೇ ಬಹೀರಾ ಜಿಲ್ಲೆಯ ನೀರುಗಂಟಿಗಳಿಂದ ಒಂದೇ ದೂರು. ತೂಬು ಎತ್ತುವ ಮೊದಲು ಏಜೆಂಟ್ ಅವರ ಫೋನಿಗೆ ಕೇಳಬೇಕು, ಅವರು ಒಪ್ಪಬೇಕು. ಅದು ಕೇಳಿದ್ದನ್ನೇ ಕೇಳುತ್ತಿತ್ತು. ಒಬ್ಬ ಮುದುಕ ರೇಗಿಬಿಟ್ಟ: ‘ಇದೇನ್ ಯಂತ್ರಾನೋ ನಮ್ಮತ್ತೇನೋ? ಒಂದ್ಸಲ ಮಾಶಿ ಅಂದ್ರೆ ಆಯ್ತಪ್ಪ, ಇನ್ನೆಷ್ಟ್ ಸಲ ಸರಿ ಸರಿ ಅನ್ಬೇಕು?’ ನಾನು ಕೈಪಿಡಿ ತಿದ್ದಿದೆ. ತಮಾಮ್, ಹಾದಿರ್, ಮಾಶಿ, ಇವುಗಳಲ್ಲಿ ಯಾವುದು ಬಂದರೂ ಒಪ್ಪಿಗೆ ಎಂದು ತಿಳಿ, ಮತ್ತೆ ಕೇಳಿ ಪೀಡಿಸಬೇಡ ಎಂದು ಬರೆದೆ. ದೂರು ನಿಂತಿತು. ನಮ್ಮ ಮುಖ್ಯಸ್ಥ ವಾಇಲ್ ಎಲ್ಲರೆದುರು ಹೊಗಳಿದರು. ನಾನು ಹಿಗ್ಗಬೇಕಿತ್ತು. ಅದರ ಬದಲು, ನಾನು ಏನೇ ಬರೆದರೂ ಅದು ನಂಬುತ್ತದಲ್ಲ ಎಂದು ಹೆದರಿ ಆ ಸಾಲನ್ನೇ ಮತ್ತೆ ಮತ್ತೆ ಓದುತ್ತ ಕೂತೆ.

ನಿನ್ನ ಸಮಾಚಾರ ಬರೆ. ಬುಶ್ತಾ ಭಾವನಿಗೆ ಸಲಾಂ ಹೇಳು.

ನಿನ್ನ ತಂಗಿ
ರದ್ವಾ


ಸಿದಿ ಬುಹಮ್ಮೂ
11 ಏಪ್ರಿಲ್

ಟೈಪಿಸ್ಟಮ್ಮಾ,

ಕಾಗದ ಓದಿ ನಗು ಬಂತು. ಚಿಕ್ಕವಳಿದ್ದಾಗ ಮೀನಿನ ಕಣ್ಣು ನೋಡುತ್ತದೆ ಎಂದು ಅಡುಗೆಮನೆಗೆ ಬರುತ್ತಿರಲಿಲ್ಲ ನೀನು. ಈಗ ನೀನೇ ಬರೆದ ಸಾಲು ಕಂಡರೆ ಹೆದರುತ್ತೀಯ. ಮದುವೆ ಮಾಡಿಕೋ, ಹೆದರಿಕೊಳ್ಳಲು ಬೇರೆ ಏನಾದರೂ ಸಿಗುತ್ತದೆ.

ನಮ್ಮ ಮೊರಾಕ್ಕೊದ ಸುದ್ದಿ ಕೇಳಿದರೆ ಬಿದ್ದು ಬಿದ್ದು ನಗುತ್ತೀಯ. ಬುಶ್ತಾ ನೀರುಗಂಟಿಯಾಗಿರುವ ದೊಡ್ಡ ಕಾಲುವೆಗೂ ನಿಮ್ಮಂಥದೇ ಒಂದು ಏಜೆಂಟ್ ಬಂದಿದೆ! ಫೋನಿನಲ್ಲಿ ಮಾತಾಡಿದರೆ ಸಾಕು, ಅಕ್ಷರ ಮಾಡಿಕೊಂಡು ಓದುತ್ತದೆ. ಮಜಾ ಏನು ಗೊತ್ತೇ, ಅದು ಮಾತಾಡುವುದು ನಮ್ಮ ಈಜಿಪ್ಟಿನ ಧಾರಾವಾಹಿಯವರ ಹಾಗೆ. ‘ಬೆಳಗಿನ ಸಲಾಂ ಯಾ ರಯ್ಯಿಸ್, ತೂಬು ಎತ್ಲಾ?’ ಎನ್ನುತ್ತದೆ. ಇಷ್ಟು ವರ್ಷದಲ್ಲಿ ಇವನನ್ನು ಯಾರೂ ಯಜಮಾನ ಎಂದು ಕರೆದಿರಲಿಲ್ಲ, ನಾನಂತೂ ಇಲ್ಲವೇ ಇಲ್ಲ. ಮೀಸೆ ಎರಡು ಇಂಚು ಮೇಲೆ ಹೋಗಿದೆ.

ಹದ್ದೂ ಎಂದು ಇವನ ಜೊತೆಗಾರನಿದ್ದಾನಲ್ಲ, ಕಾಲುವೆಗೆ ಇಳಿದು ಜಾಲರಿಗೆ ಸಿಕ್ಕ ಕಸಕಡ್ಡಿ ತೆಗೆಯುವವನು, ಗುಡ್ಡದ ಮೇಲಿನ ಊರಿನವನು. ಅವನು ನಿನ್ನೆ ಚಹಾಕ್ಕೆ ಬಂದು ನನ್ನ ಕಡೆ ನೋಡಿ ಹೇಳಿದ: ‘ನೋಡಿ ಲಲ್ಲಾ, ನಮ್ಮ ಬುಶ್ತಾನಿಗೆ ಮನೇಲೊಬ್ಳು ಈಜಿಪ್ಟ್‌ನೋಳು ಸಾಲ್ದೂ ಅಂತ ಸರ್ಕಾರ ಜೇಬಿಗೂ ಒಬ್ಳನ್ನ ಹಾಕ್ಬಿಟ್ಟಿದೆ. ಮನೆಯೋಳು ಕೇಳದೇ ಇಲ್ಲ, ಜೇಬಿನೋಳು ಕೇಳಿ ಕೇಳಿ ಮಾಡ್ತಾಳೆ.’ ಅವನ ಹೆಂಡತಿ ಇಟ್ಟೊ ಅವನ ಬೆನ್ನಿಗೊಂದು ಗುದ್ದಿದಳು.

ನಿಜ ಹೇಳು, ಇದು ನಿನ್ನದೇನಾ? ಮಾತಿನ ಧಾಟಿ ನಿನ್ನದರ ಹಾಗೇ ಇದೆ.

ನಾವೆಲ್ಲ ಚೆನ್ನಾಗಿದ್ದೇವೆ. ಕೆಲಸವೂ ಹಗುರವಾಗಿದೆ.

ಮಾಹಿತಾಬ್


ಅಲೆಕ್ಸಾಂಡ್ರಿಯಾ
12 ಏಪ್ರಿಲ್

ಪ್ರೀತಿಯ ಅಬ್ಲಾ,

ಅದು ನಮ್ಮದಲ್ಲ. ನಮ್ಮದು ಬಹೀರಾ ಬಿಟ್ಟು ಹೊರಗೆ ಹೋಗಿಲ್ಲ. ಇಂಥವು ಈಗ ಊರ ತುಂಬ ಇವೆ, ಎಲ್ಲಕ್ಕೂ ಈಜಿಪ್ಟಿನ ಮಾತನ್ನೇ ಕಲಿಸುತ್ತಾರೆ.

ಆದರೆ ಒಂದು ಮಾತು. ಭಾವ ಅದಕ್ಕೆ ಯಾವ ಪದಗಳಲ್ಲಿ ಉತ್ತರ ಕೊಡುತ್ತಾರೆ? ನಿಮ್ಮ ಕಡೆಯ ಮಾತಿನಲ್ಲೇ? ದಯವಿಟ್ಟು ಅವರಿಗೆ ಹೇಳು, ಮೊರಾಕ್ಕೊದ ದಾರಿಜಾದಲ್ಲಿ ಮಾತಾಡುವುದು ಬೇಡ. ಫ್ರೆಂಚಿನಲ್ಲಿ ಹೌದು ಅಥವಾ ಇಲ್ಲ ಎಂದಷ್ಟೇ ಹೇಳಲಿ. ನಿಮ್ಮ ಮಾತು ಅದಕ್ಕೆ ಸರಿಯಾಗಿ ತಿಳಿಯಲಿಕ್ಕಿಲ್ಲ. ಯಾಕೆ ಏನು ಎಂದು ಕೇಳಬೇಡ. ತಮಾಷೆಗೆ ಬರೆಯುತ್ತಿಲ್ಲ.

ಇವತ್ತೇ ಹೇಳು.

ರದ್ವಾ


ಸಿದಿ ಬುಹಮ್ಮೂ
24 ಏಪ್ರಿಲ್, ಶುಕ್ರವಾರ

ರದ್ವಾ,

ಉತ್ತರ ತಡವಾಯಿತು. ಬೇಕೆಂದೇ ತಡ ಮಾಡಿದೆ.

ಹನ್ನೆರಡು ವರ್ಷದಿಂದ ಕೇಳುತ್ತಿದ್ದೇನೆ. ಇಲ್ಲಿನವರು ನಮ್ಮ ಸಿನಿಮಾ ನೋಡಿ ನಮ್ಮ ಮಾತು ಕಲಿತಿದ್ದಾರೆ. ಇವರ ಮಾತು ಕಿವಿಗೆ ಬಿದ್ದರೆ ಮಾತ್ರ ನಮ್ಮವರು ಮೂಗು ಮುರಿಯುತ್ತಾರೆ. ನನ್ನ ಮದುವೆಯಲ್ಲಿ ಚಿಕ್ಕಪ್ಪ ಬುಶ್ತಾನ ಎದುರಿಗೇ ‘ಇವ್ನು ಅರಬ್ಬೀ ಮಾತಾಡ್ತಿದಾನೋ ಕೆಮ್ತಿದಾನೋ’ ಎಂದದ್ದು ನಿನಗೆ ನೆನಪಿರಬೇಕು. ನೀನೂ ಹಲ್ಲು ಬಿಟ್ಟು ನಕ್ಕಿದ್ದೆ. ಈಗ ನಿಮ್ಮ ಯಂತ್ರಕ್ಕೂ ಇವರ ಬಾಯಿ ಹಿಡಿಸುವುದಿಲ್ಲವೋ? ತನ್ನ ಕಾಲುವೆಯ ಮೇಲೆ ನಿಂತು ತನ್ನ ಮಾತು ಬಿಟ್ಟು ಫ್ರೆಂಚಿನಲ್ಲಿ ತೊದಲು ಎಂದು ನಾನು ಬುಶ್ತಾನಿಗೆ ಹೇಳಬೇಕೋ? ಹೇಳಿಲ್ಲ. ಹೇಳುವುದೂ ಇಲ್ಲ.

ತಗ್ಗಬೇಕಾದವರು ನಾವು. ಇಷ್ಟು ದಿನ ನಾಚಿಕೆಯಿಂದ ನಿಮ್ಮ ಯಾರಿಗೂ ಹೇಳದ ಒಂದು ವಿಷಯ ಇವತ್ತು ಹೇಳುತ್ತೇನೆ. ಈ ಮನೆಗೆ ಬಂದ ಮೊದಲ ಶುಕ್ರವಾರ ಇವರ ರವೆಯ ಅಡುಗೆ ಕುಸ್ಕುಸ್ ಮಾಡಿದೆ. ಅತ್ತೆ ಒಂದು ತುತ್ತು ತಿಂದು ‘ಮಾಶಿ ಬ್ನೀನ್’ ಎಂದರು. ಬ್ನೀನ್ ಎಂದರೆ ರುಚಿ ಎಂದು ಬುಶ್ತಾ ಹೇಳಿಕೊಟ್ಟಿದ್ದ. ಮಾಶಿ ಎಂದರೆ ನಮ್ಮಲ್ಲಿ ಸರಿ ಅಲ್ಲವೇ? ಸರಿ, ರುಚಿಯಾಗಿದೆ ಎಂದುಕೊಂಡು ಇನ್ನೊಂದು ಸೌಟು ಬಡಿಸಿದೆ. ಮತ್ತೆ ‘ಮಾಶಿ ಬ್ನೀನ್’ ಎಂದರು. ಮತ್ತೆ ಬಡಿಸಿದೆ. ಮುದುಕಿ ತಟ್ಟೆ ಹಿಡಿದುಕೊಂಡು ಹಿಂದಕ್ಕೆ ಸರಿದರೂ ಬಿಡಲಿಲ್ಲ! ಇಡೀ ಮನೆ ನಕ್ಕು ಕಣ್ಣೊರೆಸಿಕೊಂಡ ಮೇಲೆ ಗೊತ್ತಾಯಿತು, ಇಲ್ಲಿ ಮಾಶಿ ಎಂದರೆ ‘ಅಲ್ಲ’. ರುಚಿಯಾಗಿಲ್ಲ ಎಂದು ಪಾಪ ಅಷ್ಟು ಹೊತ್ತಿನಿಂದ ಹೇಳುತ್ತಿದ್ದರು.

ಆವತ್ತಿನಿಂದ ನಾನು ಬಾಯಿ ಮುಚ್ಚಿಕೊಂಡು ಇವರ ಮಾತು ಕಲಿತೆ. ನಿನ್ನ ಯಂತ್ರವೂ ಕಲಿಯಲಿ.

ಮಾಹಿತಾಬ್


ಅಲೆಕ್ಸಾಂಡ್ರಿಯಾ
25 ಏಪ್ರಿಲ್

ಅಬ್ಲಾ,

ಕೋಪ ಆಮೇಲೆ ಮಾಡಿಕೋ. ಮೊದಲು ಇದನ್ನು ಓದು.

ಈಗಲೇ ಭಾವನ ಹತ್ತಿರ ಹೋಗು. ಆ ಯಂತ್ರಕ್ಕೆ ‘ಮಾಶಿ’ ಎಂಬ ಪದವನ್ನು ಯಾವ ಕಾರಣಕ್ಕೂ ಹೇಳಬೇಡಿ ಎಂದು ಹೇಳು. ಇಂಥ ಯಂತ್ರಗಳು ಮಾಶಿ ಎಂದರೆ ಒಪ್ಪಿಗೆ ಎಂದೇ ತಿಳಿಯುತ್ತವೆ, ಇವತ್ತಿಗೂ ಹಾಗೆಯೇ ತಿಳಿಯುತ್ತಿವೆ. ಬೇರೆ ಕಂಪನಿಯಲ್ಲಿರುವ ಗೆಳತಿಯೊಬ್ಬಳು ಹೇಳಿದಳು. ಅವರು ‘ಬೇಡ’ ಎಂದು ಹೇಳಿದರೆ ಅದು ‘ಸರಿ’ ಎಂದು ಕೇಳಿಸಿಕೊಳ್ಳುತ್ತದೆ. ಇನ್ನೊಂದು ಸಲ ಕೇಳುವುದೂ ಇಲ್ಲ.

ಬೆಳಗಿನಿಂದ ಫೋನ್ ಮಾಡುತ್ತಿದ್ದೇನೆ, ನೀನು ಎತ್ತುತ್ತಿಲ್ಲ. ಭಾವನ ನಂಬರು ನನ್ನ ಹತ್ತಿರ ಇಲ್ಲ. ನಾನು ನಿನ್ನ ಮದುವೆಯಲ್ಲಿ ನಕ್ಕದ್ದು ತಪ್ಪು. ಸಾವಿರ ಸಲ ತಪ್ಪಾಯಿತು. ಕಾಲು ಹಿಡಿಯುತ್ತೇನೆ, ಎತ್ತು.

ರದ್ವಾ


ಅಲೆಕ್ಸಾಂಡ್ರಿಯಾ
28 ಏಪ್ರಿಲ್

ಅಬ್ಲಾ,

ಸೋಮವಾರ ಕಾಲುವೆಯಲ್ಲಿ ಏನಾಯಿತು? ಭಾವ ಇದ್ದಾರೆಯೇ? ಮನೆಗೆ ಬಂದರೇ?

ಏನೂ ಬರೆಯಬೇಡ. ‘ಇದ್ದಾನೆ’ ಎಂದು ಒಂದೇ ಒಂದು ಪದ ಕಳಿಸು. ಫೋನ್ ಗಂಟೆ ಹೊಡೆಯುತ್ತದೆ, ನಿಲ್ಲುತ್ತದೆ. ಅದು ಹೊಡೆಯುತ್ತಿರುವಷ್ಟು ಹೊತ್ತು ನಿಮ್ಮ ಮನೆಯ ತುಂಬ ಜನ ಸೇರಿದ್ದಾರೆ, ಯಾರಿಗೂ ಫೋನ್ ಎತ್ತಲು ಪುರಸೊತ್ತಿಲ್ಲ ಎಂದು ಕಣ್ಣಿಗೆ ಕಟ್ಟುತ್ತದೆ.

ರದ್ವಾ


ಸಿದಿ ಬುಹಮ್ಮೂ
2 ಮೇ

ರದ್ವಾ,

ಬುಶ್ತಾ ಇದ್ದಾನೆ. ಹದ್ದೂ ಇಲ್ಲ.

ಸೋಮವಾರ ಬೆಳಿಗ್ಗೆ ಹದ್ದೂ ಜಾಲರಿಯ ಕಸ ತೆಗೆಯಲು ಕೆಳಗೆ ಇಳಿದಿದ್ದ. ಬುಶ್ತಾ ಸೇತುವೆಯ ಮೇಲೆ ನಿಂತಿದ್ದ. ಫೋನ್ ಕೇಳಿತು, ತೂಬು ಎತ್ತಲೇ ಎಂದು. ಇವನು ‘ಮಾಶಿ ದಾಬಾ’ ಎಂದ. ಈಗ ಬೇಡ ಎಂದು. ಇಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತಿರುವ ಮಾತು. ತೂಬು ಏಳತೊಡಗಿತು. ಇವನು ಕಿರುಚಿದ, ‘ಮಾಶಿ ದಾಬಾ! ಮಾಶಿ ದಾಬಾ ಅಂದ್ನಲ್ಲೋ!’ ತೂಬು ಇನ್ನೂ ಜೋರಾಗಿ ಎದ್ದಿತು. ನಿಲ್ಲಿಸುವ ಗುಂಡಿ ಇರುವುದು ದೂರದ ಕೋಣೆಯಲ್ಲಿ. ಇವನು ಅಲ್ಲಿಗೆ ಓಡಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮೊದಲು ದಂಡೆಯ ಮೇಲೆ ಸೀಟಿ ಹಿಡಿದು ನಿಲ್ಲುವ ಇನ್ನೊಬ್ಬ ಇರುತ್ತಿದ್ದ. ಯಂತ್ರ ಬಂದ ಮೇಲೆ ಅವನನ್ನು ತೆಗೆದುಹಾಕಿದರು. ಕೆಲಸ ಹಗುರವಾಗಿದೆ ಎಂದು ನಿನಗೆ ಬರೆದಿದ್ದೆನಲ್ಲ, ಅದು ಸುಳ್ಳು. ನೀನು ಹೆದರುತ್ತೀಯ ಎಂದು ಬರೆಯಲಿಲ್ಲ.

ಈಗ ಬುಶ್ತಾನನ್ನು ಕರೆದುಕೊಂಡು ಹೋಗಿ ಇಟ್ಟುಕೊಂಡಿದ್ದಾರೆ. ನೀರುಗಂಟಿ ಒಪ್ಪಿಗೆ ಕೊಟ್ಟಿದ್ದಾನೆ, ಒಂದಲ್ಲ ಮೂರು ಸಲ ಕೊಟ್ಟಿದ್ದಾನೆ ಎಂದು ಯಂತ್ರದ ಕಂಪನಿಯವರು ಹೇಳಿದ್ದಾರಂತೆ. ಐದು ವರ್ಷ ಆಗಬಹುದು ಎಂದು ವಕೀಲರು ಹೇಳುತ್ತಾರೆ. ನೋಡಲು ಹೋಗಿದ್ದೆ. ‘ಊಟ ತರ್ಲಾ?’ ಎಂದು ಕೇಳಿದೆ. ಬಾಯಿ ಬಿಡಲಿಲ್ಲ. ಬೇಡವೆಂದು ತಲೆ ಅಡ್ಡಡ್ಡ ಅಲ್ಲಾಡಿಸಿದ, ನಾನು ತಪ್ಪಾಗಿ ತಿಳಿದೆನೇನೋ ಎಂದು ನನ್ನ ಮುಖ ನೋಡಿ ಮತ್ತೊಮ್ಮೆ ಅಲ್ಲಾಡಿಸಿದ.

ನಿನ್ನ ಕಾಗದ ನನಗೆ ಎಲ್ಲ ಆದ ಮೇಲೆ ಸಿಕ್ಕಿತು. ಇಲ್ಲಿ ಎರಡು ದಿನ ನೆಟ್‌ವರ್ಕ್ ಇರಲಿಲ್ಲ.

ಯಾವ ಕತ್ತೆ ಬರೆದದ್ದು ರದ್ವಾ, ಮಾಶಿ ಎಂದರೆ ಸರಿ ಎಂದು? ಅವನಿಗೆ ಅಕ್ಕ ತಂಗಿ ಯಾರೂ ಇಲ್ಲವೇ? ನೀನು ಇದೇ ಕೆಲಸ ಮಾಡುವವಳು. ಈ ಯಂತ್ರ ನಿಮ್ಮದಲ್ಲ ಎಂದಿದ್ದೀಯ, ಹಾಗಾಗಿ ನೀನು ಹೊರಗಿನವಳು, ನಿನ್ನ ಮಾತಿಗೆ ತೂಕವಿರುತ್ತದೆ ಎಂದು ವಕೀಲರು ಹೇಳಿದರು. ಇಂಥ ಕೈಪಿಡಿ ಹೇಗೆ ಬರೆಯುತ್ತಾರೆ, ಎಲ್ಲಿ ತಪ್ಪಾಗುತ್ತದೆ ಎಂದು ತನಿಖಾ ನ್ಯಾಯಾಧೀಶರಿಗೆ ಒಂದು ಪುಟ ಬರೆದು ಕಳಿಸು. ನಮಗೆ ಈಗ ನೀನೊಬ್ಬಳೇ.

ಮಾಹಿತಾಬ್


ಅಲೆಕ್ಸಾಂಡ್ರಿಯಾ
5 ಮೇ

ಪ್ರೀತಿಯ ಅಬ್ಲಾ,

ಹದ್ದೂನ ಆತ್ಮಕ್ಕೆ ಶಾಂತಿ ಸಿಗಲಿ. ಇಟ್ಟೊಗೆ ಏನು ಹೇಳಬೇಕೋ ತಿಳಿಯುತ್ತಿಲ್ಲ.

ನೀನು ಕೇಳಿದ ಪುಟ ಬರೆಯಲು ಕೂತೆ. ಆದರೆ ಯೋಚಿಸಿದರೆ, ಬೇರೆ ದೇಶದಲ್ಲಿ ಕೂತ ಒಬ್ಬ ಸಾಮಾನ್ಯ ಕೆಲಸದವಳ ಮಾತನ್ನು ನ್ಯಾಯಾಧೀಶರು ಯಾಕೆ ಕೇಳುತ್ತಾರೆ? ನಾನು ಹೆಂಡತಿಯ ತಂಗಿ ಎಂದು ತಿಳಿದರೆ ಇನ್ನೂ ಕೆಡುಕು. ಆ ಕಂಪನಿಯವರೇ ಕೈಪಿಡಿಯನ್ನು ಕಳಿಸುತ್ತಾರೆ ಎಂದು ಕೇಳಿದ್ದೇನೆ. ಅದರಲ್ಲಿ ಇರುವುದು ಇದ್ದ ಹಾಗೆ ಕಾಣುತ್ತದೆ. ಒಳ್ಳೆಯ ವಕೀಲರನ್ನು ಬಿಡಬೇಡ. ಭಾವನಿಗೆ ಧೈರ್ಯ ಹೇಳು.

ಇದಕ್ಕಿಂತ ಹೆಚ್ಚು ಬರೆಯಲು ಕೈ ಬರುತ್ತಿಲ್ಲ.

ರದ್ವಾ


ಸಿದಿ ಬುಹಮ್ಮೂ
14 ಮೇ

ರದ್ವಾ,

ಕೈಪಿಡಿ ಬಂತು. ನ್ಯಾಯಾಧೀಶರ ಕೋಣೆಯಲ್ಲಿ ಓದಿದರು, ನಾನೂ ವಕೀಲರ ಹಿಂದೆ ಕೂತಿದ್ದೆ.

ಅದರಲ್ಲಿ ಹೀಗಿದೆ: ಮೊರಾಕ್ಕೊದಲ್ಲಿ ‘ಮಾಶಿ’ ಎಂದರೆ ‘ಅಲ್ಲ’, ಅದನ್ನು ಒಪ್ಪಿಗೆ ಎಂದು ಎಂದೂ ತಿಳಿಯಬೇಡ. ಮೇಲೆ ದಿನಾಂಕ ಇದೆ, ಫೆಬ್ರವರಿಯದು. ಅಂದರೆ ಯಂತ್ರಕ್ಕೆ ಮೊದಲಿನಿಂದಲೂ ಎಲ್ಲ ಸರಿಯಾಗಿ ಗೊತ್ತಿತ್ತು, ಬುಶ್ತಾ ಬೇರೆ ಏನೋ ಹೇಳಿ ಈಗ ಕಥೆ ಕಟ್ಟುತ್ತಿದ್ದಾನೆ ಎಂದಾಯಿತು. ನ್ಯಾಯಾಧೀಶರು ಕನ್ನಡಕ ತೆಗೆದು ಇವನನ್ನು ನೋಡಿದರು. ಇವನು ನೆಲ ನೋಡಿದ.

ಆಮೇಲೆ ಕೈಪಿಡಿ ಓದುತ್ತಿದ್ದ ಗುಮಾಸ್ತ ಕೆಳಗಿನ ಸಾಲಿಗೆ ಬಂದ. ಅರ್ಥವಾಗಲಿ ಎಂದು ಯಂತ್ರಕ್ಕೆ ಒಂದು ಉದಾಹರಣೆ ಕೊಟ್ಟಿದ್ದಾರೆ: ‘ಅತ್ತೆ ಕುಸ್ಕುಸ್ ತಿಂದು ಮಾಶಿ ಬ್ನೀನ್ ಎಂದರೆ ರುಚಿಯಾಗಿಲ್ಲ ಎಂದರ್ಥ. ಇನ್ನೊಂದು ಸೌಟು ಬಡಿಸಬಾರದು.’

ಕೋಣೆಯಲ್ಲಿ ಇಬ್ಬರು ನಕ್ಕರು.

ನನ್ನ ಸೌಟು, ನನ್ನ ಅತ್ತೆ, ನನ್ನ ನಾಚಿಕೆ. ಹನ್ನೆರಡು ವರ್ಷ ಯಾರಿಗೂ ಹೇಳದ್ದನ್ನು ನಾನು ನಿನಗೆ ಬರೆದದ್ದು ಏಪ್ರಿಲ್ 24ಕ್ಕೆ. ಅದು ಫೆಬ್ರವರಿಯ ಕೈಪಿಡಿಗೆ ಹೇಗೆ ಹೋಯಿತು? ಅಪಘಾತ ಆದದ್ದು ಸೋಮವಾರ ಎಂದು ನಾನು ಹೇಳುವ ಮೊದಲೇ ನಿನಗೆ ಹೇಗೆ ಗೊತ್ತಾಯಿತು? ಅಲ್ಲೇ ಕಿರುಚಬೇಕಿತ್ತು. ಕಿರುಚಲಿಲ್ಲ. ನಿನ್ನ ಹೆಸರು ನನ್ನ ಬಾಯಿಂದ ಬರಬಾರದು ಎಂದು ತುಟಿ ಕಚ್ಚಿ ಕೂತಿದ್ದೆ.

ನೀನೇ ಆ ಕತ್ತೆ. ನೀನೇ ಬರೆದೆ, ನೀನೇ ಅಳಿಸಿದೆ.

ಮಾಹಿತಾಬ್


ಅಲೆಕ್ಸಾಂಡ್ರಿಯಾ
15 ಮೇ

ಅಬ್ಲಾ,

ಹೌದು, ನಾನೇ.

ಏಪ್ರಿಲ್ 11ರ ನಿನ್ನ ಕಾಗದ ಓದಿದ ಕೂಡಲೇ ಗೊತ್ತಾಯಿತು. ‘ಯಾ ರಯ್ಯಿಸ್’ ಎಂದು ಕರೆಯಲು ಕಲಿಸಿದವಳು ನಾನೇ, ನೀರುಗಂಟಿಗಳಿಗೆ ಮರ್ಯಾದೆ ಸಿಗಲಿ ಎಂದು. ವಾಇಲ್ ಹತ್ತಿರ ಓಡಿದೆ. ಮೊರಾಕ್ಕೊಗೆ ಹೋದದ್ದು ನನಗೇಕೆ ಹೇಳಲಿಲ್ಲ ಎಂದು ಕೇಳಿದೆ. ‘ಅರಬ್ಬೀ ಅಂದ್ರೆ ಅರಬ್ಬೀನೇ ಅಲ್ವಾ ರದ್ವಾ? ಒಂದೇ ಒಂದು ದೂರು ಬಂದಿಲ್ಲ. ಹೊರಗೆ ಯಾರ ಹತ್ರಾನೂ ಬಾಯಿ ಬಿಡ್ಬೇಡ’ ಎಂದರು. ಅದಕ್ಕೇ ನಿನಗೆ ಸುಳ್ಳು ಬರೆದೆ, ಸುತ್ತಿ ಬಳಸಿ ಫ್ರೆಂಚ್ ಎಂದೆ. ಯಾವ ಪದ ಕೆಡುತ್ತದೆ ಎಂದು ಆಗ ನನಗೂ ಗೊತ್ತಿರಲಿಲ್ಲ. ನಿನ್ನ ಕುಸ್ಕುಸ್ ಓದಿದಾಗ ಗೊತ್ತಾಯಿತು. ಇಪ್ಪತ್ತೈದರಂದೇ ಕೈಪಿಡಿ ತಿದ್ದಿದೆ. ನಿಯಮ ಬರೆದರೆ ಅದು ಅರ್ಧ ಕಲಿಯುತ್ತದೆ, ಉದಾಹರಣೆ ಕೊಟ್ಟರೆ ಪೂರ್ತಿ ಕಲಿಯುತ್ತದೆ. ಅದಕ್ಕೇ ನಿನ್ನ ಅತ್ತೆಯನ್ನು ಹಾಕಿದೆ. ವಾಇಲ್ ಅದನ್ನು ಮುಂದಿನ ವಾರ ಬಿಡೋಣ ಎಂದು ತಡೆದಿಟ್ಟರು. ಹದ್ದೂ ಹೋದ ಮೇಲೆ ಅದೇ ಪುಟಕ್ಕೆ ಫೆಬ್ರವರಿಯ ದಿನಾಂಕ ಹಾಕಿದರು.

‘ದಿನಾಂಕ ಏನ್ ದೊಡ್ಡ ವಿಷಯ? ನೀನೇ ಬರ್ದಿದ್ದು ತಾನೆ? ಇದಕ್ಕೆ ಸಹಿ ಹಾಕ್ದೆ ಇದ್ರೆ ಹಳೇ ಸಾಲಿನ ಕೆಳಗೂ ನಿನ್ ಹೆಸ್ರೇ ಇರೋದು. ಆವಾಗ ಒಳಗೆ ಹೋಗೋಳು ನೀನು’ ಎಂದರು. ನಾನು ಸಹಿ ಹಾಕಿದೆ. ಬುಶ್ತಾ ಭಾವ ಹೇಗಾದರೂ ಹೊರಗೆ ಬರುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಹೆದರಿಕೆ, ಅಬ್ಲಾ. ಬೇರೆ ಕಾರಣವೇ ಇಲ್ಲ.

ಅಪಘಾತದ ದಿನದ ಮಾತುಕತೆಯ ದಾಖಲೆ ನನ್ನ ಹತ್ತಿರ ಇದೆ, ಸೋಮವಾರದ್ದು ನನಗೆ ಗೊತ್ತಾದದ್ದೂ ಅದರಿಂದಲೇ. ಭಾವ ‘ಮಾಶಿ ದಾಬಾ’ ಎಂದ ಮೇಲೆ ಏಜೆಂಟ್ ತನಗೆ ತಾನೇ ಬರೆದುಕೊಂಡಿದೆ: ‘ಒಪ್ಪಿಗೆಯ ಪದ ಬಂದಿದೆ. ದಾಬಾ ಎಂದರೆ ಇಲ್ಲಿಯ ಮಾತಿನಲ್ಲಿ ಈಗ. ಸರಿ, ಈಗಲೇ ಎನ್ನುತ್ತಿದ್ದಾರೆ. ಮತ್ತೆ ಕೇಳಿ ಪೀಡಿಸಬಾರದು.’ ನೋಡು, ದಾಬಾ ಅದಕ್ಕೆ ಗೊತ್ತಿತ್ತು! ಮಾಶಿಯೂ ಗೊತ್ತಿತ್ತೇನೋ. ನಾನು ಬರೆದದ್ದನ್ನು ಹೆಚ್ಚು ನಂಬಿತು. ಭಾವ ಕಿರುಚಿದ ಮೇಲೆ ಬರೆದುಕೊಂಡದ್ದು ಇನ್ನೂ ಕೆಟ್ಟದು: ‘ರಯ್ಯಿಸ್ ಅವಸರಪಡಿಸುತ್ತಿದ್ದಾರೆ. ಪೂರ್ತಿ ಎತ್ತುತ್ತೇನೆ.’ ಅದಕ್ಕೆ ದುರುದ್ದೇಶವೇ ಇರಲಿಲ್ಲ. ಒಳ್ಳೆಯ ಕೆಲಸಗಾರನ ಹಾಗೆ ಓಡಿ ಓಡಿ ಮಾಡಿದೆ. ಕಣ್ಣು ಮುಚ್ಚಿದರೆ ಈ ಎರಡು ಸಾಲು ಬರುತ್ತವೆ.

ನಾನು ಬಂದು ನ್ಯಾಯಾಧೀಶರ ಮುಂದೆ ಎಲ್ಲವನ್ನೂ ಹೇಳುತ್ತೇನೆ. ಆದರೆ ಹಳೆಯ ಸಾಲು ಏಪ್ರಿಲ್ 25ರಂದೂ ಅಲ್ಲೇ ಇತ್ತು ಎಂದು ತೋರಿಸಲು ನನ್ನ ಬಾಯಿಮಾತು ಸಾಲದು. ಮಾತುಕತೆಯ ದಾಖಲೆಯನ್ನು ನಾನೇ ತಿದ್ದಿದೆ ಎಂದು ವಾಇಲ್ ಹೇಳುತ್ತಾರೆ. ಅವತ್ತು ನಾನು ನಿನಗೆ ಬರೆದ ಕಾಗದ ಇದೆಯಲ್ಲ, ಇವತ್ತಿಗೂ ಹಾಗೆಯೇ ತಿಳಿಯುತ್ತಿವೆ ಎಂದು ಬರೆದದ್ದು? ತಡವಾಗಿ ಸಿಕ್ಕಿತು ಎಂದಿದ್ದೆ. ತಡವಾದರೂ ಅದು ಯಾವಾಗ ಬಂತು ಎಂದು ನಿನ್ನ ಕಂಪ್ಯೂಟರು ಹೇಳುತ್ತದೆ. ಅದನ್ನು ವಕೀಲರಿಗೆ ಕೊಡು.

ಬರಲೇ? ನೀನು ಮನೆಯೊಳಗೆ ಸೇರಿಸದಿದ್ದರೂ ಬರುತ್ತೇನೆ. ಆದರೂ ಕೇಳುತ್ತಿದ್ದೇನೆ.

ರದ್ವಾ


ಸಿದಿ ಬುಹಮ್ಮೂ
17 ಮೇ

ರದ್ವಾ,

ಬರಬೇಡ ಎಂದು ಬರೆಯಲು ಎರಡು ಸಲ ಕೂತೆ. ನೀನು ಬಂದು ಬಾಯಿಬಿಟ್ಟರೆ ನಿನ್ನನ್ನೂ ಹಿಡಿದುಕೊಳ್ಳಬಹುದು ಎಂದು ವಕೀಲರು ಹೇಳಿದರು. ಗಂಡ ಒಂದು ಕಡೆ, ತಂಗಿ ಒಂದು ಕಡೆ. ಇಂಥದ್ದನ್ನು ದೇವರು ಶತ್ರುವಿಗೂ ಕೊಡಬಾರದು.

ಆದರೆ ನಾನು ಬೇಡ ಎನ್ನಲು ಹೊರಟಿದ್ದು ನಿನ್ನ ಮೇಲಿನ ಮರುಕದಿಂದಲ್ಲ. ಆ ಕಾಗದವನ್ನು ವಕೀಲರಿಗೆ ಕೊಡು ಎಂದಿದ್ದೀಯಲ್ಲ, ಅದಕ್ಕೆ.

ನೆಟ್‌ವರ್ಕ್ ಇರಲಿಲ್ಲ ಎಂದದ್ದು ಸುಳ್ಳು. ಶನಿವಾರ ನಿನ್ನ ಕಾಗದ ಬಂದದ್ದು ನೋಡಿದೆ. ಫೋನು ಹೊಡೆದುಕೊಂಡದ್ದನ್ನೂ ಕೇಳಿದೆ. ಒದ್ದಾಡಲಿ ಬಿಡು ಎಂದುಕೊಂಡು ತೆರೆಯಲಿಲ್ಲ. ಭಾನುವಾರ ಬುಶ್ತಾ ಇಲ್ಲೇ, ನನ್ನ ಪಕ್ಕದಲ್ಲೇ ಕೂತು ಹದ್ದೂನ ಜೊತೆ ಚಹಾ ಕುಡಿಯುತ್ತಿದ್ದ. ‘ನಿನ್ ತಂಗಿ ಅಷ್ಟೊತ್ತಿಂದ ಫೋನ್ ಮಾಡ್ತಿದಾಳೆ, ಎತ್ತೇ’ ಎಂದ. ‘ಮಾಡ್ಲಿ ಬಿಡು, ಅವ್ಳಿಗ್ ಬುದ್ಧಿ ಬರ್ಬೇಕು’ ಎಂದೆ. ಹದ್ದೂನನ್ನು ನೀರಿನಿಂದ ಎತ್ತಿ ತಂದ ಮೇಲೆ ತೆರೆದು ಓದಿದೆ.

ಇದನ್ನು ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ. ಇಟ್ಟೊ ದಿನಾ ಸಂಜೆ ಬಂದು ನನ್ನ ಹತ್ತಿರ ಕೂರುತ್ತಾಳೆ. ಅವಳ ಗಂಡ ಹೋದ, ನನ್ನ ಗಂಡ ಒಳಗಿದ್ದಾನೆ, ಇಬ್ಬರಿಗೂ ಒಂದೇ ಗತಿ ಎಂದು ನನ್ನ ಕೈ ಹಿಡಿದುಕೊಳ್ಳುತ್ತಾಳೆ. ಆ ಕಾಗದ ನ್ಯಾಯಾಧೀಶರ ಮುಂದೆ ಹೋದರೆ ಅದು ಬಂದ ದಿನವೂ ಓದಿಸಿಕೊಳ್ಳುತ್ತದೆ. ಎರಡು ದಿನ ಮೊದಲೇ ಈ ಮನೆಗೆ ಎಚ್ಚರಿಕೆ ಬಂದಿತ್ತು ಎಂದು ಅವಳಿಗೆ ಗೊತ್ತಾಗುತ್ತದೆ. ಬುಶ್ತಾನಿಗೂ ಗೊತ್ತಾಗುತ್ತದೆ.

ನಿನ್ನೆ ಅವನನ್ನು ನೋಡಲು ಹೋಗಿದ್ದೆ. ಹೇಗಿದ್ದರೂ ಅವನು ಮಾತಾಡುವುದಿಲ್ಲ. ನನಗೂ ಆಗ ಮಾತಾಡದೆ ಇರಬಹುದು ಎನ್ನಿಸಿತು. ಐದು ವರ್ಷ ಇಬ್ಬರೂ ಹೀಗೇ ಒಬ್ಬರನ್ನೊಬ್ಬರು ನೋಡುತ್ತ ಕಳೆಯಬಹುದು ಎನ್ನಿಸಿತು. ಹಾಗೆ ಎನ್ನಿಸಿದ್ದಕ್ಕೆ ನನ್ನ ಮೇಲೆ ನನಗೇ ಹೆದರಿಕೆಯಾಯಿತು.

ಇವತ್ತು ಮಧ್ಯಾಹ್ನ ವಕೀಲರಿಗೆ ಕಾಗದ ಕೊಟ್ಟು ಬಂದೆ. ಅಲ್ಲಿಂದ ನೇರ ಇಟ್ಟೊ ಮನೆಗೆ ಹೋದೆ. ಕೋರ್ಟಿನಲ್ಲಿ ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನನ್ನಿಂದಲೇ ಕೇಳಲಿ ಎಂದು ಎಲ್ಲ ಹೇಳಿದೆ. ಅವಳು ಹಿಟ್ಟು ನಾದುತ್ತಿದ್ದಳು. ಕೈ ನಿಲ್ಲಿಸಲಿಲ್ಲ. ನಾದುತ್ತಲೇ ‘ಒಂದ್ಸಲ ಎತ್ತಿದ್ರೆ ಆಗ್ತಿತ್ತಲ್ಲೇ’ ಎಂದಳು. ನಾನು ಅಲ್ಲೇ ಕೂತಿದ್ದೆ. ಅವಳು ಹೋಗು ಎನ್ನಲಿಲ್ಲ, ಇರು ಎಂದೂ ಅನ್ನಲಿಲ್ಲ.

ನ್ಯಾಯಾಧೀಶರು ಗುರುವಾರ ಬೆಳಿಗ್ಗೆ ಕರೆಯುತ್ತಾರೆ. ಬಾ. ಹೊರಡುವಾಗ ಫೋನ್ ಮಾಡು, ಎತ್ತುತ್ತೇನೆ.

ಮಾಹಿತಾಬ್